ಮೂರನೆಯ ತಂತಿ

ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ ಬಂದರೆ ಸಾಕು, ತಂತಿಯಮ್ಮನಿಗೆ ಅಪ್ಪನ ನೆನಪು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಶಾಲೆಯಿಂದ ಬಂದ ಮಗಳ ಕೆನ್ನೆಯನ್ನು ಅದೇ ವಾಸನೆಯ ಬೆರಳುಗಳಿಂದ ಹಿಂಡುತ್ತಿದ್ದ. ಈ ಮನೆಯ ಹೊಸ್ತಿಲು ದಾಟುವಾಗ ಆ ವಾಸನೆ ಎಳೆಯಷ್ಟು ಬಂದು ಹೋಯಿತು. ನೆನಪೇ ಇರಬೇಕು ಅಂದುಕೊಂಡಳು. ಒಂಟಿಯಾಗಿ ಇರುವವರಿಗೆ ಇಂಥವು ಕರೆಯದೆಯೇ ಬರುತ್ತವೆ.

"ಬೆಳಿಗ್ಗೆ ಹತ್ತಕ್ಕೆ ನೆಟ್‌ವರ್ಕ್ ನಿಂತೇಹೋಯ್ತು!" ಮನೆಯೊಡತಿ ಅಕ್ಕ ಉಸಿರು ಬಿಡದೆ ಶುರುಮಾಡಿದಳು. ಕಂಪ್ಯೂಟರಿನಲ್ಲಿ ಮಕ್ಕಳಿಗೆ ಲೆಕ್ಕ ಕಲಿಸುವ ಮೇಷ್ಟ್ರಮ್ಮ ಅವಳು. "ಹನ್ನೆರಡು ಮಕ್ಕಳು ಪರೀಕ್ಷೆ ಬರೀತಾ ಇದ್ರು. ಈ ವಾರ ಇದು ಮೂರನೇ ಸಲ. ಕಳ್ಳ ಯಾರು ಅಂತ ನಂಗೊತ್ತು. ನೀವು ಸಾಕ್ಷಿ ಹಿಡಿದುಕೊಡಿ, ಸಾಕು."

"ಯಾರು?"

ಅಕ್ಕನ ಬೆರಳು ಸೂರಿನ ಕಡೆ ಹೋಯಿತು. "ಮೇಲಿನ ಬಾಡಿಗೆಯವನು. ದೊಡ್ಡ ದೊಡ್ಡ ಸಿನಿಮಾ ಇಳಿಸ್ಕೋತಾನೆ. ಸಂಜೆಯೊಳಗೆ ಖಾಲಿ ಮಾಡು ಅಂದಿದ್ದೀನಿ."

ಮನೆಮನೆಗೆ ವೈರ್‌ಲೆಸ್ ನೆಟ್‌ವರ್ಕ್ ಹಾಕಿಕೊಡುವುದು ತಂತಿಯಮ್ಮನ ಕಸುಬು. ತಂತಿಯಿಲ್ಲದ ಕೆಲಸದವಳಿಗೆ ಯಾರೋ ತಮಾಷೆಗೆ ಇಟ್ಟ ಹೆಸರು, ನಿಂತುಬಿಟ್ಟಿತು.

ಮನೆಯಲ್ಲಿ ಮೂರು ಕಂಪ್ಯೂಟರು. ಮುಂದಿನ ಕೋಣೆಯಲ್ಲಿ ಅಕ್ಕ, ಹಿಂದಿನ ಕೋಣೆಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ತಮ್ಮ, ಮೇಲೆ ಬಾಡಿಗೆಯವನು. ಮೂರು ಬಾಗಿಲೂ ಮುಚ್ಚಿದ್ದವು. ಊಟಕ್ಕೆ ಬಾ ಎಂದು ತಮ್ಮನನ್ನು ಅಕ್ಕ ಕರೆಯುತ್ತಿದ್ದುದೂ ಮೆಸೇಜಿನಲ್ಲೇ.

ನಡುಮನೆಯ ರೂಟರ್ ಡಬ್ಬಿಯನ್ನು ತಂತಿಯಮ್ಮ ಪರೀಕ್ಷಿಸಿದಳು. ಸಿನಿಮಾ ಇಳಿಸಿದ ಗುರುತೇ ಇಲ್ಲ. ನೆಟ್‌ವರ್ಕಿನಲ್ಲಿ ಅಕ್ಕನ ಕಂಪ್ಯೂಟರಿಗೆ ಸಿಕ್ಕಿದ್ದ ನಂಬರು ನೋಡಿ ಚೀಟಿಯಲ್ಲಿ ಬರೆದುಕೊಂಡಳು: ಕೊನೆಯ ಅಂಕಿ ನಾಲ್ಕು.

"ಬಾಡಿಗೆಯವರು ಬಂದು ಎಷ್ಟು ದಿನ ಆಯ್ತು?"

"ಆರು ತಿಂಗಳು."

"ತೊಂದರೆ ಶುರುವಾಗಿದ್ದು?"

"ಈ ಸೋಮವಾರ."

"ಆರು ತಿಂಗಳು ಸುಮ್ಮನಿದ್ದ ಕಳ್ಳ ಸೋಮವಾರ ನೋಡ್ಕೊಂಡು ಕದಿಯೋಕೆ ಹೊರಟನಾ?"

ತಂತಿಯಮ್ಮ ಮೆಟ್ಟಿಲು ಹತ್ತಿದಳು.

ಮೇಲೆ ಬಾಡಿಗೆಯವನು ಪುಸ್ತಕಗಳನ್ನು ಗಂಟು ಕಟ್ಟುತ್ತಿದ್ದ. ಶಾಲಾ ಪುಸ್ತಕಗಳ ಕರಡು ತಿದ್ದುವಾತ. ಕಿಟಕಿಯ ಕಟ್ಟೆಯ ಮೇಲೆ ಒಂದು ತಟ್ಟೆ, ಒಂದು ಲೋಟ, ತೊಳೆದು ಬೋರಲು ಹಾಕಿದ್ದವು. ತಂತಿಯಮ್ಮ ಬೇಗನೆ ಮುಖ ತಿರುಗಿಸಿದಳು. ಅವಳ ಕೋಣೆಯಲ್ಲೂ ಅಷ್ಟೇ ಇದ್ದವು.

"ನಿಮ್ಮದೂ ನಿಂತುಹೋಗತ್ತಾ?"

"ಹೌದು. ಇವತ್ತೂ ಹತ್ತಕ್ಕೆ ನಿಂತಿತ್ತು."

"ಹೇಳಲಿಲ್ವಾ ಅವರಿಗೆ?"

"ಕೇಳದೇನೇ ನೆಟ್‌ವರ್ಕ್ ಕೊಟ್ಟಿದ್ದಾರೆ. ಅದರ ಮೇಲೆ ದೂರು ಬೇರೆ ಹೇಳೋದಾ?"

ಅವನ ಕಂಪ್ಯೂಟರಿನ ನಂಬರು ನೋಡಿದಳು. ಅದೇ ನಂಬರು, ಕೊನೆಯ ಅಂಕಿ — ನಾಲ್ಕು!

ದಡದಡನೆ ಇಳಿದು ಬಂದಳು. ರೂಟರಿನಿಂದ ಮೂರು ತಂತಿಗಳು ಹೊರಟಿದ್ದವು. ಒಂದು ಅಕ್ಕನ ಕೋಣೆಗೆ, ಒಂದು ತಮ್ಮನ ಕೋಣೆಗೆ. ಗೋಡೆಯ ಬಣ್ಣದ್ದೇ ಆದ ಮೂರನೆಯದು ನೆಲಕ್ಕಂಟಿಕೊಂಡು ಮೂಲೆಯತ್ತ ಹೋಗಿತ್ತು.

"ಇದೇನು?" ಅಕ್ಕನನ್ನು ಕೇಳಿದಳು.

"ಕಾಲಿಂಗ್ ಬೆಲ್ ತಂತಿ ಇರ್ಬೇಕು, ಎಷ್ಟೋ ವರ್ಷದ್ದು."

ತಂತಿಯಮ್ಮ ಮಂಡಿಯೂರಿ ಮುಟ್ಟಿದಳು. ಬೆರಳಿಗೆ ಇಷ್ಟೇ ಇಷ್ಟು ಬಣ್ಣ ಅಂಟಿತು. ಮೂಗಿನ ಹತ್ತಿರ ಹಿಡಿದಳು. ಅದೇ ವಾಸನೆ, ನೆನಪಲ್ಲ! ಬಾಗಿಕೊಂಡೇ ತಂತಿಯ ಹಿಂದೆ ಹೋದಳು. ಮೆಟ್ಟಿಲ ಕೆಳಗೆ, ಹಳೆಯ ಸೂಟ್‌ಕೇಸುಗಳ ಹಿಂದೆ, ಇನ್ನೊಂದು ರೂಟರ್ ಹಸಿರು ಕಣ್ಣು ಮಿಟುಕಿಸುತ್ತಿತ್ತು.

ಎಲ್ಲರನ್ನೂ ನಡುಮನೆಗೆ ಕರೆದಳು.

"ಮನೆಯ ಒಂದೊಂದು ಕಂಪ್ಯೂಟರಿಗೂ ರೂಟರ್ ಒಂದೊಂದು ನಂಬರು ಕೊಡತ್ತೆ, ಬಾಗಿಲ ನಂಬರಿನ ಹಾಗೆ. ಒಂದೇ ರೂಟರ್ ಒಂದೇ ನಂಬರನ್ನ ಇಬ್ಬರಿಗೆ ಕೊಡಲ್ಲ. ಇಲ್ಲಿ ಮೇಡಂ ಹತ್ರಾನೂ ಮೇಲಿನವರ ಹತ್ರಾನೂ ನಾಲ್ಕು ಇತ್ತು. ಅಂದ್ರೆ ನಂಬರು ಹಂಚೋ ರೂಟರ್ ಎರಡಿವೆ. ಒಂದರ ವಿಷಯ ಇನ್ನೊಂದಕ್ಕೆ ಗೊತ್ತಿಲ್ಲ. ನೀವಿಬ್ಬರೂ ಒಟ್ಟಿಗೆ ಕೆಲಸಕ್ಕೆ ಕೂತ್ರೆ ಟಪಾಲು ಯಾರ ಬಾಗಿಲಿಗೆ ಹೋಗಬೇಕು? ಎರಡೂ ನಿಲ್ಲತ್ತೆ. ಎರಡನೇ ರೂಟರ್ ಇಟ್ಟವರು ತಂತಿ ಕಾಣಬಾರದು ಅಂತ ಭಾನುವಾರ ಬಣ್ಣ ಬಳಿದಿದ್ದಾರೆ. ಅದಿನ್ನೂ ಪೂರ್ತಿ ಒಣಗಿಲ್ಲ." ಅವಳ ಕಣ್ಣು ತಮ್ಮನ ಅಂಗಿಯ ತೋಳಿನ ಮೇಲೆ ನಿಂತಿತು. ಅಲ್ಲಿ ಗೋಡೆಯ ಬಣ್ಣದ ಒಂದು ಚುಕ್ಕೆ. "ಅಲ್ವಾ ಸಾರ್?"

ತಮ್ಮ ನೆಲ ನೋಡಿದ. "ನಾನೇ. ಆದ್ರೆ ಇದರಿಂದ ಹೀಗಾಗತ್ತೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ."

"ಯಾಕೋ?" ಅಕ್ಕನ ದನಿ ಏರಿತು.

"ಮೇಲೆ ಇವರ ಕೋಣೆಗೆ ಸಿಗ್ನಲ್ ಹತ್ತುತ್ತಿರಲಿಲ್ಲ ಅಕ್ಕ. ದಿನಾ ಮೆಟ್ಟಿಲ ಮೇಲೆ ಕೂತು ಕೆಲಸ ಮಾಡ್ತಿದ್ರು. ನಾನು ದಾಟುವಾಗಲೆಲ್ಲ ಕಾಲು ಮಡಚಿ ದಾರಿ ಬಿಡೋರು. ನೋಡೋಕಾಗಲಿಲ್ಲ."

"ನಂಗೊಂದು ಮಾತು ಹೇಳಬಾರದಿತ್ತಾ?"

"ನಾವಿಬ್ಬರು ಎದುರುಬದುರು ಕೂತು ಮಾತಾಡಿದ್ದು ಯಾವಾಗ, ಹೇಳು."

ಗಂಟು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದ ಬಾಡಿಗೆಯವನು ಮೆಲ್ಲಗೆ ಅಂದ: "ನೀವೇ ಹಾಕಿಸಿದ್ದು ಅಂದ್ಕೊಂಡಿದ್ದೆ ಮೇಡಂ. ಥ್ಯಾಂಕ್ಸ್ ಹೇಳೋಕೆ ಸಂಕೋಚ ಆಗ್ತಿತ್ತು."

ಅಕ್ಕನ ಮುಖ ಕೆಂಪಾಯಿತು. ಸರಕ್ಕನೆ ಒಳಗೆ ಹೋದಳು.

"ಎರಡನೇ ರೂಟರ್ ಇರಲಿ," ತಂತಿಯಮ್ಮ ತಮ್ಮನಿಗೆ ತೋರಿಸಿಕೊಟ್ಟಳು. "ನಂಬರು ಹಂಚೋ ಕೆಲಸ ಮಾತ್ರ ಇದರಿಂದ ಬಿಡಿಸಿದ್ದೀನಿ. ಸಿಗ್ನಲ್ ಮೇಲಕ್ಕೆ ಮುಟ್ಟಿಸಿದ್ರೆ ಸಾಕು." ಮೂರು ಕಂಪ್ಯೂಟರನ್ನೂ ಒಟ್ಟಿಗೆ ಓಡಿಸಿ ಅರ್ಧ ಗಂಟೆ ಕಾದಳು. ಯಾವುದೂ ನಿಲ್ಲಲಿಲ್ಲ. ಚೀಲಕ್ಕೆ ಸಾಮಾನು ತುಂಬಿದಳು.

ಬಾಡಿಗೆಯವನು ಗಂಟು ಹೊತ್ತು ಅಲ್ಲೇ ನಿಂತಿದ್ದ. ಹೋಗು ಅಂದವರು ಇರು ಅಂದಿರಲಿಲ್ಲವಲ್ಲ.

ಅಡುಗೆಮನೆಯಿಂದ ಅಕ್ಕ ಬಂದಳು. ಕೈಯಲ್ಲಿ ಮುಚ್ಚಿದ ತಟ್ಟೆ, ಅಂಚಿನಿಂದ ಹಬೆ ಏಳುತ್ತಿತ್ತು. ಯಾರ ಮುಖವನ್ನೂ ನೋಡದೆ ಅದನ್ನು ಅವನ ಮುಂದೆ ಚಾಚಿದಳು. ಅವನ ಎರಡೂ ಕೈ ತುಂಬಿದ್ದವು. ಅಕ್ಕ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಅವನು ಪುಸ್ತಕದ ಗಂಟನ್ನು ಕೆಳಗಿಳಿಸಿ ತಟ್ಟೆ ತೆಗೆದುಕೊಂಡ.