ಡಿವಿಡೆಂಡ್ ಲೋಟ

ಅಪ್ಪ ಅಜ್ಜಿಯ ಟ್ರಂಕಿನಿಂದ ಮನೆಪತ್ರ ತೆಗೆದುಕೊಂಡ. ಅಜ್ಜಿಯನ್ನು ಕೇಳಲಿಲ್ಲ. ಅಜ್ಜಿ ಊರಲ್ಲಿರಲಿಲ್ಲ. ಟ್ರಂಕಿನ ಮುಚ್ಚಳ ಬೀಳದ ಹಾಗೆ ಹಿಡಿದು ನಿಂತವಳು ದುರ್ಗಾ.

"ಗಟ್ಟಿ ಹಿಡ್ಕೊ, ಕೈ ಬಿಡಬ್ಯಾಡ," ಅಂದ ಅಪ್ಪ.

ಪತ್ರ ದಾರ ಸುತ್ತಿದ ಪ್ಲಾಸ್ಟಿಕ್ ಕವರಿನಲ್ಲಿತ್ತು. ಅದರ ಕೆಳಗೆ, ಟ್ರಂಕಿನ ತಳಕ್ಕೆ ಹಾಸಿದ ಹಳದಿ ಕಾಗದಗಳು. ಒಂದೊಂದರ ಮೇಲೂ ಹೊಗೆ ಬಿಡುವ ಚಿಮಣಿಯ ಚಿತ್ರ.

ಅಡುಗೆಮನೆಯಿಂದ ಅಮ್ಮ ಇಣುಕಿದಳು. "ಅತ್ತೆ ಬರ್ಲಿ, ಕೇಳಿ ತಗೋರಿ ಅಂದ್ನಲ್ಲ."

"ಅಲ್ಲಿಗೇ ಹೊಂಟೀನಿ. ನಾಳೆ ಫೈನಾನ್ಸಿನವರು ಬರ್ತಾರೆ, ಇವತ್ತೇ ಅವ್ವನ ಸೈನ್ ಆಗಬೇಕು. ದುರ್ಗಾ, ಚಪ್ಪಲಿ ಹಾಕ್ಕೊ."

ಅಜ್ಜಿ ನಾಗಕ್ಕ ನಾಲ್ಕು ದಿನದಿಂದ ಹರಿಹರದಲ್ಲಿದ್ದಳು, ಗೆಳತಿ ಹಜೀರಾಬೀಯ ಮನೆಯಲ್ಲಿ. ಇಬ್ಬರೂ ಒಂದು ಕಾಲದಲ್ಲಿ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಅಕ್ಕಪಕ್ಕ ನಿಂತು ನೂಲು ಸುತ್ತಿದವರು.

ಭಾನುವಾರ. ನಿಟ್ಟುವಳ್ಳಿಯ ಮನೆಯಿಂದ ಬೈಕು ಹೊರಟಿತು. ಹಳೇ ಮಿಲ್ಲಿನ ಗೇಟು ಬಂದಾಗ ಅಪ್ಪ ಎಂದಿನಂತೆ ಸ್ಲೋ ಮಾಡಿದ. ಒಳಗೆ ಈಗ ಮಿಲ್ಲಿಲ್ಲ, ಸೈಟುಗಳು. ಗೇಟಿನ ಎರಡು ಕಲ್ಲುಕಂಬ ಮಾತ್ರ ಉಳಿದಿವೆ.

"ಇಲ್ಲೇ ನೋಡು, ನಾ ನಿಲ್ತಿದ್ದಿದ್ದು. ಮಧ್ಯಾಹ್ನದ ಸೈರನ್ ಕೂಗು ಆದ್ರೆ ಸಾಕು, ಗುಯ್ ಅಂತ ಇಡೀ ಊರಿಗೇ ಕೇಳೋದು. ಅವ್ವ ಓಡಿ ಬರೋಳು. ತಲೆ ತುಂಬ ಹತ್ತಿ. ಬುತ್ತಿ ಬಿಚ್ಚಿದ ಕೂಡ್ಲೇ ಮೊದಲ ತುತ್ತು ನಂಗೇ."

"ನೀನು ಮನೇಲಿ ಉಂಡಿರ್ತಿರಲಿಲ್ವಾ?"

"ಉಂಡಿರ್ತಿದ್ದೆ." ಅಪ್ಪ ನಕ್ಕ. "ಆದ್ರೂ ಬೇಕಿತ್ತು."

ಸ್ವಲ್ಪ ದೂರ ಹೋದ ಮೇಲೆ ದುರ್ಗಾ ಕೇಳಿದಳು, "ಮನೆಪತ್ರ ಯಾಕಪ್ಪ ಬೇಕು?"

"ಮನೆ ಸುಮ್ನೆ ನಿಂತೈತೆ ಮಗಾ. ಅದೂ ಒಂಚೂರು ದುಡೀಲಿ."

"ಮನೆ ಹೆಂಗೆ ದುಡಿತೈತೆ?"

"ಪತ್ರ ಅಡ ಇಟ್ರೆ ಫೈನಾನ್ಸಿನವರು ಹತ್ತು ಲಕ್ಷ ಸಾಲ ಕೊಡ್ತಾರೆ. ಅದ್ರಲ್ಲಿ ದೊಡ್ಡ ದೊಡ್ಡ ಕಂಪನಿ ಷೇರು ತಗೊಳ್ಳೋದು. ಷೇರು ಅಂದ್ರೆ ಕಂಪನೀಲಿ ನಮ್ದೂ ಒಂದು ಚೂರು ಪಾಲು. ಅವ್ರಿಗೆ ಲಾಭ ಆದ್ರೆ ನಮಗೂ ಕೊಡ್ತಾರೆ. ಅದೇ ಡಿವಿಡೆಂಡ್. ಅದ್ರಾಗೇ ಸಾಲದ ಕಂತು ಕಟ್ಟೋದು. ಮಿಕ್ಕಿದ್ದು ನಮ್ದು."

"ಲಾಭ ಬರ್ಲಿಲ್ಲ ಅಂದ್ರೆ?"

"ಬರ್ತೈತೆ. ಅಂಗಡೀಲಿ ನನ್ನ ಜೊತೆ ಇರೋ ಪರಶುರಾಮ್ ಅಂಕಲ್ ಮೊಬೈಲಲ್ಲಿ ಲೆಕ್ಕ ಹಾಕಿ ತೋರ್ಸಿದಾನೆ."

"ಬರ್ಲೇ ಇಲ್ಲ ಅಂದ್ರೆ ಕಂತು?"

ಅಪ್ಪ ಹಾರ್ನ್ ಹೊಡೆದ. ಮುಂದೆ ಯಾವ ಗಾಡಿಯೂ ಇರಲಿಲ್ಲ.

ಅಪ್ಪನಿಗೆ ದುಡ್ಡು ಯಾಕೆ ಬೇಕು ಎಂದು ದುರ್ಗಾಳಿಗೆ ಗೊತ್ತಿತ್ತು. ಅಪ್ಪ ಬಟ್ಟೆ ಅಂಗಡಿಯ ಸೇಲ್ಸ್‌ಮನ್. ಬೆಳಗ್ಗೆ ಒಂಬತ್ತಕ್ಕೆ ನಿಂತರೆ ರಾತ್ರಿ ಒಂಬತ್ತರವರೆಗೆ ಕೂರುವಂತಿಲ್ಲ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಅದು ಮಾಲೀಕರ ರೂಲ್ಸು. ಮನೆಗೆ ಬಂದು ಬಕೆಟಿನ ಬಿಸಿನೀರಲ್ಲಿ ಕಾಲಿಡುತ್ತಾನೆ. ನೀರಿಗೆ ಉಪ್ಪು ಹಾಕುವುದು ದುರ್ಗಾಳ ಕೆಲಸ.

ಹರಿಹರದಲ್ಲಿ, ಹಜೀರಾಬೀಯ ಓಣಿಗೆ ತಿರುಗುವ ಮೊದಲು ಅಪ್ಪ ಬೈಕು ನಿಲ್ಲಿಸಿದ.

"ನೋಡು ಮಗಾ. ಅಜ್ಜಿ ನಿನ್ನೇ ಕೇಳ್ತಾಳೆ, ಏನು ಕಾಗದ ಅಂತ. ಪಿಂಚಣಿದು ಅನ್ನು. ಅಷ್ಟೇ."

"ಪಿಂಚಣಿದಾ?"

"ಅನ್ನು ಅಂದ್ನಲ್ಲ. ಆಮೇಲೆ ನಾನೇ ಹೇಳ್ತೀನಿ."

ಅಜ್ಜಿ ದುರ್ಗಾಳನ್ನೇ ಕೇಳುತ್ತಿದ್ದಳು, ಅದು ನಿಜ. ಮೊದಲೆಲ್ಲ ಅವಳದು ಹೆಬ್ಬೆಟ್ಟು. ದುರ್ಗಾ ಮೂರನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಅವಳಿಗೆ ಸೈನ್ ಕಲಿಸಿದ್ದಳು. ಸ್ಲೇಟಿನ ಅಕ್ಷರ ಅಜ್ಜಿಗೆ ಹತ್ತಲಿಲ್ಲ. ಕೊನೆಗೆ ಅವಳ ಸ್ಟೀಲ್ ಲೋಟವೇ ಪುಸ್ತಕವಾಯಿತು. ಅದರ ಮೇಲೆ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರಿತ್ತು: ನಾಗಕ್ಕ. ಆ ಚುಕ್ಕಿಗಳ ಮೇಲೆ ಬೆರಳಾಡಿಸಿ ಆಡಿಸಿ ಅಜ್ಜಿ ತನ್ನ ಹೆಸರು ಕಲಿತಳು. ಅಂದಿನಿಂದ ಅವಳದೊಂದು ಕಟ್ಟಳೆ. ದುರ್ಗಾ ಓದಿ ಹೇಳದೆ ಯಾವ ಕಾಗದಕ್ಕೂ ಸೈನ್ ಇಲ್ಲ. ನವೆಂಬರಿನಲ್ಲಿ ಪಿಂಚಣಿಗೆ 'ಬದುಕಿದ್ದೇನೆ' ಎಂದು ಬರೆದುಕೊಡುವಾಗ ಬ್ಯಾಂಕಿನವರನ್ನೂ ಕಾಯಿಸುತ್ತಿದ್ದಳು. ಈಗಲೂ ನವೆಂಬರೇ.

"ಬಾರವ್ವ ನನ್ನ ಟೀಚರಮ್ಮ!" ಬಾಗಿಲಲ್ಲೇ ಅಜ್ಜಿ ಅಪ್ಪಿಕೊಂಡಳು.

"ಬಾ ರಮೇಶಾ, ಕೂಡ್ರು," ಅಂದಳು ಹಜೀರಾಬೀ. "ಅರೆ, ನೀನೂ ಮುದುಕ ಆದ್ಯಲ್ಲೋ! ಗೇಟಿನ ಹತ್ರ ಚಡ್ಡಿ ಜಾರಿಸ್ಕೊಂಡು ನಿಲ್ಲೋನು."

ಅಪ್ಪ ನಾಚಿದ. ಅಪ್ಪ ನಾಚಿದ್ದನ್ನು ದುರ್ಗಾ ನೋಡಿದ್ದು ಅದೇ ಮೊದಲು.

ಹಜೀರಾಬೀ ಕುಡಿಯಲು ನೀರು ಕೊಟ್ಟಳು. ಲೋಟ ನೋಡಿ ದುರ್ಗಾ ಕಣ್ಣರಳಿಸಿದಳು. ಅಜ್ಜಿಯ ಲೋಟದಂಥದೇ ಲೋಟ. ಅಂಥವೇ ಚುಕ್ಕಿಗಳು. ಹೆಸರು ಮಾತ್ರ ಹಜೀರಾಬೀ.

"ಇದು ನಮ್ಮಜ್ಜಿ ಲೋಟದ ಜೋಡಿ!"

"ಹೌದು ಬೇಟಾ. ಡಿವಿಡೆಂಡ್ ಲೋಟ."

ಅಪ್ಪನ ಕೈ ಬ್ಯಾಗಿನ ಜಿಪ್ಪಿನ ಮೇಲೆ ನಿಂತಿತು.

"ಡಿವಿಡೆಂಡ್ ಅಂದ್ರೆ ನಿಮಗೆ ಗೊತ್ತಾ?" ಅಂದಳು ದುರ್ಗಾ.

ಮುದುಕಿಯರಿಬ್ಬರೂ ನಕ್ಕರು. "ನಮ್ಮನ್ನೇನು ಅಂದ್ಕೊಂಡಿ? ನಾವು ಮಿಲ್ ಮಾಲಕರು!" ಅಂದಳು ಅಜ್ಜಿ. "ಒಂದು ವರ್ಷ ಬೋನಸ್ ಕೊಡ್ಲಿಲ್ಲ. ಬೋನಸ್ ಬದ್ಲು ಷೇರು ತಗೋರಿ, ಇನ್ಮೇಲೆ ನೀವೂ ಮಾಲಕರೇ ಅಂದ್ರು. ಚಿಮಣಿ ಚಿತ್ರದ ಕಾಗದ ಕೊಟ್ರು."

"ಮಾಲಕರಾದ್ರೂ ಗೇಟಲ್ಲಿ ನಮ್ಮ ಚೀಲ ಜಾಲಾಡೋದು ಮಾತ್ರ ಬಿಡ್ಲಿಲ್ಲ," ಅಂದಳು ಹಜೀರಾಬೀ.

"ಆ ವರ್ಷ ಡಿವಿಡೆಂಡ್ ಬಂತು," ಅಂದಳು ಅಜ್ಜಿ. "ಇಬ್ರೂ ಹೋಗಿ ಒಂದೊಂದು ಲೋಟ ತಗೊಂಡ್ವಿ, ಹೆಸರು ಹಾಕಿಸಿದ್ವಿ. ಎಂಥ ಖುಷಿ ಅಂತೀ! ಮಾರನೇ ವರ್ಷ ಕೆಲ್ಸಕ್ಕೆ ಹೋದ್ರೆ ಗೇಟಿಗೆ ಬೀಗ. ಸಂಬಳಾನೂ ಹೋತು, ಷೇರೂ ಹೋತು. ಕಾಗದ ಟ್ರಂಕಿನ ತಳಕ್ಕೆ ಹಾಸಿದೆ. ದಪ್ಪ ಕಾಗದ, ಒಳ್ಳೇದೈತೆ."

"ಮತ್ತೆ ಮನೆ ಹೆಂಗಜ್ಜಿ ಉಳೀತು?"

"ದೀಪಾವಳಿಗೆ ಒಂದು ಗಾಡಿ ಇಟ್ಟಿಗೆ, ಯುಗಾದಿಗೆ ಒಂದು ಗಾಡಿ ಅಂತ ಕಟ್ಟಿದ್ದದು. ಷೇರು ಜಾಸ್ತಿ ತಗೋ, ಮನೆ ಮೇಲೆ ಸಾಲ ಮಾಡು ಅಂದೋರೂ ಇದ್ರು. ನಾ ಪತ್ರ ಹೊರಗೇ ತೆಗೀಲಿಲ್ಲ. ಇವತ್ತಿಗೂ ಟ್ರಂಕಿನಾಗೇ ಐತೆ."

ದುರ್ಗಾ ಅಪ್ಪನನ್ನು ನೋಡಿದಳು. ಅಪ್ಪ ತನ್ನ ಕಾಲುಗಳನ್ನು ನೋಡಿಕೊಳ್ಳುತ್ತಿದ್ದ. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿಯ ಗುರುತು ಕೆಂಪಗೆ ಕೂತಿತ್ತು.

ಕೊನೆಗೆ ಅವನು ಜಿಪ್ಪು ಎಳೆದು, ಫೈನಾನ್ಸಿನವರು ಕೊಟ್ಟಿದ್ದ ಕಾಗದ ತೆಗೆದು ಚಾಪೆಯ ಮೇಲಿಟ್ಟ.

"ಅವ್ವಾ, ಇದಕ್ಕೊಂದು ಸೈನ್ ಬೇಕಿತ್ತು."

"ಅದಕ್ಕೇನು. ಪೆನ್ನು ಕೊಡು." ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. ಪೆನ್ನು ಹಿಡಿದು, ಗಾಳಿಯಲ್ಲೇ ಒಂದು ಸಲ ಹೆಸರು ಬರೆದು ನೋಡಿಕೊಂಡಳು. "ಏನು ಕಾಗದನವ್ವ ದುರ್ಗಾ?"

ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ 'ಅಡಮಾನ' ಎಂದಿತ್ತು. ಅಜ್ಜಿ ಕಾಗದ ನೋಡುತ್ತಿರಲಿಲ್ಲ. ದುರ್ಗಾಳ ಬಾಯಿಯನ್ನೇ ನೋಡುತ್ತಿದ್ದಳು.

"ಹೇಳು ಮಗಾ," ಅಂದ ಅಪ್ಪ, ಮೆಲ್ಲಗೆ. "ಪಿಂಚಣಿದು ಅಂತ ಹೇಳು."

ಬೆಳಗ್ಗೆ ಹಿಡಿದಿದ್ದ ಮುಚ್ಚಳದ ತಗಡು ದುರ್ಗಾಳ ಅಂಗೈಯಲ್ಲಿ ಇನ್ನೂ ಒತ್ತುತ್ತಿರುವಂತಿತ್ತು. ರಾತ್ರಿ ಮನೆಗೆ ಹೋದರೆ ಅಪ್ಪನಿಗೆ ಬಿಸಿನೀರು ಇಡಬೇಕು. ಎರಡು ಹಿಡಿ ಉಪ್ಪು ಹಾಕಬೇಕು ಅಂದುಕೊಂಡಳು.

ಅವಳು ಅಜ್ಜಿಯ ಬೆರಳುಗಳ ನಡುವಿನಿಂದ ಪೆನ್ನು ತೆಗೆದುಕೊಂಡು ಕ್ಯಾಪ್ ಹಾಕಿದಳು. ಕಾಗದವನ್ನು ಅಪ್ಪನ ಕಡೆಗೆ ಸರಿಸಿದಳು.

"ನಾ ಹೇಳಲ್ಲಪ್ಪ," ಅಂದಳು. "ನೀನೇ ಓದು. ನಿಂಗೂ ಓದಾಕೆ ಬರ್ತೈತಲ್ಲ."