ಹನ್ನೆರಡು ಇಂಚಿಗೊಂದು ಸುತ್ತು

ಹನ್ನೊಂದನೇ ತಾರೀಖು, ಮಂಗಳವಾರ, ಬೆಳಿಗ್ಗೆ 7.20. ರೈಫಲ್ ಕ್ಲಬ್ಬಿನ ಖಜಾಂಚಿ ಏದುಸಿರು ಬಿಡುತ್ತ ಠಾಣೆಗೆ ಬಂದು ದೂರು ಕೊಟ್ಟ. ಕಾರ್ಯದರ್ಶಿಯ ತೊಡೆಗೆ ಗುಂಡು ಬಿದ್ದಿದೆ, ಆಸ್ಪತ್ರೆಗೆ ಸಾಗಿಸಿದ್ದಾರೆ. ಹೊಡೆದವಳು ಕ್ಲಬ್ಬಿನ ಚಾಂಪಿಯನ್ ಹುಡುಗಿ. ನಿನ್ನೆ ಇಬ್ಬರಿಗೂ ಜಗಳವಾಗಿತ್ತು. ಇವತ್ತು ಮೈದಾನದಲ್ಲಿ ಅವಳನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಮೇಡಂ ಜೊತೆ ಜೀಪು ಹತ್ತಿದ ಮುಖ್ಯಪೇದೆಗೆ ಆ ಮೈದಾನ ಹೊಸದಲ್ಲ. ಹತ್ತೊಂಬತ್ತು ವರ್ಷ ಅಲ್ಲೇ ಗುರಿ ಪರೀಕ್ಷೆ ಕೊಟ್ಟಿದ್ದ. ಇನ್ನೂರು ಮೀಟರ್ ಆಚೆ ಮಣ್ಣಿನ ದಿಬ್ಬ, ಅದರ ಮುಂದಿನ ಗುಂಡಿಯಿಂದ ಕೋಲಿನ ತುದಿಯಲ್ಲಿ ಮೇಲೇಳುವ ಕೆಂಪು ತಟ್ಟೆ. ತಟ್ಟೆ ನಿಂತ ಕಡೆ ಗುಂಡು ಬಿದ್ದಿದೆ ಎಂದರ್ಥ. ಅಡ್ಡಡ್ಡ ಆಡಿಸಿದರೆ ಗುರಿ ತಪ್ಪಿದೆ. ಕೋಲು ಹಿಡಿದವನನ್ನು ಎಲ್ಲರೂ ತಟ್ಟೆ ತಾತ ಎನ್ನುತ್ತಿದ್ದರು. ಮುಖ ನೋಡಿದವರು ಕಡಿಮೆ.

8.40ಕ್ಕೆ ಪಂಚನಾಮೆ. ಗುರಿಹಲಗೆಯ ಪಕ್ಕದಲ್ಲಿ, ಅಂಕವನ್ನು ತಾನೇ ಪರದೆಯ ಮೇಲೆ ತೋರಿಸುವ ಹೊಸ ಯಂತ್ರವಿತ್ತು. ಕಾರ್ಯದರ್ಶಿ ಹಲಗೆಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಅದರ ವೈರು ನೋಡುತ್ತಿದ್ದಾಗ ಏಟು ಬಿದ್ದಿತ್ತು. ಯಂತ್ರಕ್ಕೆ ಒಂದು ಗೀರೂ ಇಲ್ಲ. ಒಂದು ಮೊಳ ಆಚೆ ಹಲಗೆಯಲ್ಲಿ ತೂತು. ಅದು ದುಂಡಗಿರಲಿಲ್ಲ, ಉದ್ದಕ್ಕಿತ್ತು.

"ಇದೇನ್ರೀ, ಗುಂಡಿನ ತೂತೋ ಬೀಗದ ತೂತೋ?"

"ಗುಂಡು ನೆಟ್ಟಗೆ ಬಂದಿಲ್ಲ ಮೇಡಂ. ಮಗುಚಿಕೊಂಡು ಅಡ್ಡ ಹೊಡೆದಿದೆ."

ಹನ್ನೆರಡೂವರೆಗೆ ಡಾಕ್ಟರು ತೊಡೆಯಿಂದ ತೆಗೆದ ಗುಂಡು ಕಳಿಸಿದರು. ಎಪ್ಪತ್ತೇಳು ಗ್ರೇನ್, ಅಂದರೆ ಸುಮಾರು ಐದು ಗ್ರಾಂ ತೂಕ, ಉದ್ದನೆಯದು. ಕ್ಲಬ್ಬಿನಲ್ಲಿ ಅಂಥದ್ದನ್ನು ಬಳಸುತ್ತಿದ್ದವಳು ಆ ಹುಡುಗಿ ಒಬ್ಬಳೇ.

"ಗುಂಡು ನಿನ್ನದೇನಮ್ಮಾ?"

"ನನ್ನ ಥರದ್ದೇ ಮೇಡಂ. ಆದ್ರೆ ನಾನು ಹೊಡೆದಿದ್ರೆ ಅಡ್ಡ ಹೋಗ್ತಿರ್ಲಿಲ್ಲ."

"ಹೊಡೆದಿದ್ರೆ ನೆಟ್ಟಗೆ ಹೊಡೀತಿದ್ದೆ ಅಂತಾನಾ?"

"ಹೌದು."

"ನಿನ್ ವಕೀಲರ ಮುಂದೆ ಹೀಗನ್ಬೇಡ. ಪಾಪ, ಅತ್ತುಬಿಟ್ಟಾರು."

ಹುಡುಗಿ ನಗಲಿಲ್ಲ. ಶನಿವಾರ ಅವಳಿಗೆ ಆಯ್ಕೆ ಪಂದ್ಯ. ಒಮ್ಮೆ ಬಂಧನವೆಂದು ಬರೆದರೆ ಲೈಸೆನ್ಸ್ ಹೋಗುತ್ತದೆ, ಎಂಟು ವರ್ಷದ ಬೆವರು ನೀರುಪಾಲು.

"ಸಂಜೆವರೆಗೂ ನೋಡ್ತೀನಿ. ಆಮೇಲೆ ನನ್ ಕೈಲೂ ಏನಿಲ್ಲ," ಎಂದರು ಮೇಡಂ.

ಮುಖ್ಯಪೇದೆ ಒಂದು ಕಾಲಕ್ಕೆ ಶಸ್ತ್ರಾಗಾರದಲ್ಲಿ ದುಡಿದವನು. ಹುಡುಗಿಯ ರೈಫಲ್ ತೆಗೆದುಕೊಂಡು, ಒರೆಸುವ ಕಡ್ಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳಿದ. ಒಳಗಿನ ಸುರುಳಿ ಗೀರು ಹಿಡಿದು ಕಡ್ಡಿ ತಾನೇ ತಿರುಗಿತು. ಕಡ್ಡಿಯ ಮೇಲೆ ಹಾಕಿಕೊಂಡಿದ್ದ ಸೀಮೆಸುಣ್ಣದ ಗುರುತು ಒಂದು ಸುತ್ತು ಮುಗಿಸಿದಾಗ ಕಡ್ಡಿ ಏಳು ಇಂಚು ಒಳಗೆ ಹೋಗಿತ್ತು.

"ಗುಂಡು ಬುಗುರಿ ಇದ್ದ ಹಾಗೆ ಮೇಡಂ. ತೂಕದ್ದು ಉದ್ದ ಇರುತ್ತೆ, ಜೋರಾಗಿ ತಿರುಗಿದ್ರೇನೇ ನಿಲ್ಲೋದು. ಈ ನಳಿಗೆ ಚೆನ್ನಾಗೇ ತಿರುಗಿಸುತ್ತೆ. ಹೊಡೆದದ್ದು ಇದಲ್ಲ."

ಕ್ಲಬ್ಬಿನ ಉಗ್ರಾಣದಲ್ಲಿ ಹನ್ನೊಂದು ರೈಫಲ್. ಹತ್ತರಲ್ಲಿ ಏಳೋ ಎಂಟೋ ಇಂಚಿಗೊಂದು ಸುತ್ತು. ಮೂಲೆಯ ಹಳೆಯದರಲ್ಲಿ ಗುರುತು ತಿರುಗಿ ಬರಲು ಹನ್ನೆರಡು ಇಂಚು ಬೇಕಾಯಿತು. ಬಟ್ಟೆ ಕಪ್ಪಾಗಿ ಹೊರಬಂತು, ಹಸಿ ಮಸಿ.

"ತಿಳಿದೋನು ಈ ಗುಂಡನ್ನ ಇದಕ್ಕೆ ಹಾಕಲ್ಲ ಮೇಡಂ. ಒಳಗೆ ಹಿಡೀತು ಅಂತ ಹಾಕಿದಾನೆ."

"ಬಂದೂಕು ಕೈಗೆ ಸಿಗುತ್ತೆ, ಹೊಡೆದು ಗೊತ್ತಿಲ್ಲ. ಅಂಥೋನು ಇಲ್ಲಿ ಯಾರ್ರೀ?"

ಮುಖ್ಯಪೇದೆಯ ಕೈ ಕಡ್ಡಿಯ ಮೇಲೆ ನಿಂತಿತು. ದಿನಾ ಇವನ್ನು ಒರೆಸುವವನು ತಟ್ಟೆ ತಾತ. ನರಪಿಳ್ಳೆಯೂ ಇರಲಿಲ್ಲ ಎಂದಿದ್ದ ಖಜಾಂಚಿ. ತಾನೂ ಹಾಗೇ ಬರೆದುಕೊಂಡಿದ್ದ. ಮೂವತ್ತು ವರ್ಷ ದುಡಿದವನನ್ನು ಲೆಕ್ಕಕ್ಕೆ ಹಿಡಿಯಲು ಯಾರಿಗೂ ಹೊಳೆದಿರಲಿಲ್ಲ. ಕ್ಲಬ್ಬಿನಲ್ಲಿ ನಾಯಿಗೆ ಪ್ರವೇಶವಿಲ್ಲವೆಂಬ ಬೋರ್ಡು ಮೂರು ಕಡೆ ಇತ್ತು. ಅವನ ಹೆಸರು ಎಲ್ಲೂ ಇರಲಿಲ್ಲ.

4.15. ಗುಂಡಿಯ ಪಕ್ಕದ ಕೋಣೆ. ಒಂದು ಮಂಚ, ಒಂದು ಕುರ್ಚಿ, ಮೊಳೆಯಲ್ಲಿ ಉಗ್ರಾಣದ ಎರಡನೇ ಕೀಲಿ. ಕಿಟಕಿಯಲ್ಲಿ ಗಾಜಿನ ಬಾಟಲಿ. ಅದರಲ್ಲಿ ಶೂಟರುಗಳು ಬೀಳಿಸಿಹೋದ, ಗುಡಿಸುವಾಗ ಸಿಕ್ಕ, ಹೊಡೆಯದ ತೋಟೆಗಳು; ಹುಡುಗಿಯ ಉದ್ದ ಗುಂಡಿನವೂ ಇದ್ದವು. ತಾತ ಎದ್ದು ನಿಂತ.

"ಯಾರಾದ್ರೂ ಬರ್ತೀರ ಅಂತ ಬೆಳಿಗ್ಗೆಯಿಂದ ಟೀ ಬಿಸಿ ಮಾಡ್ತಾನೇ ಇದೀನಿ. ಲೋಟ ಮಾತ್ರ ಒಂದೇ."

"ನೀವು ಹೊಡೆದ್ರಾ ತಾತ?"

"ಆ ಡಬ್ಬಿಗೆ ಹೊಡೆದೆ. ಅವ್ರು ಹಿಂದೆ ಕೂತಿದ್ದು ಯಾರಿಗ್ ಗೊತ್ತಪ್ಪ."

"ಹುಡುಗೀನ ಠಾಣೇಲಿ ಕೂರಿಸಿದೀವಿ."

"ಆ ಮಗೂನಾ?" ತಾತ ಕುರ್ಚಿ ಹಿಡಿದುಕೊಂಡ. "ನಂಗ್ಯಾರೂ ಹೇಳ್ಲಿಲ್ವಲ್ಲ." ಚಪ್ಪಲಿ ಹುಡುಕತೊಡಗಿದ. "ನಡೀರಿ, ನಡೀರಿ."

"ಕೆಲಸ ಹೋಗುತ್ತೆ ಅಂತ ಸಿಟ್ಟಾ?" ಮೇಡಂ ಕೇಳಿದರು.

"ಸಂಬಳ ಕೊಡ್ತೀವಿ, ಸುಮ್ನೆ ಇರು ಅಂದ್ರಮ್ಮ. ಸುಮ್ನೆ ಇದ್ದೇ ಇದೀನಲ್ಲ. ತಟ್ಟೆ ಎತ್ತಿದಾಗ ಆ ಕಡೆ ಯಾರೋ ಒಬ್ರು, ಇವನೇನು ಹೇಳ್ತಾನೆ ಅಂತ ಕಾಯೋರು. ನಂಗಿದ್ದ ಮಾತುಕತೆ ಅದೊಂದೇ."

5.10ಕ್ಕೆ ಬಂಧನ. 5.40ಕ್ಕೆ ಹುಡುಗಿ ತನ್ನ ರೈಫಲ್ ಬಿಡಿಸಿಕೊಳ್ಳುವ ಅರ್ಜಿಗೆ ಸಹಿ ಹಾಕಿ ಹೊರಟಳು. ಕಡತದಲ್ಲಿ ಉದ್ದೇಶ ಬರೆಯುವ ಜಾಗ ಬೆರಳಗಲವಿತ್ತು. 'ಯಂತ್ರದ ಮೇಲಿನ ದ್ವೇಷ' ಎಂದು ಬರೆದ ಮುಖ್ಯಪೇದೆ, ಅದನ್ನು ಎರಡು ಸಲ ಓದಿದ.

ಲಾಕಪ್ಪಿನ ಆ ತುದಿಯಿಂದ ತಾತ ಕೇಳಿದ: "ಹುಟ್ಟಿದ ಮೇಲೆ ನಾನು ಹೊಡೆದ ಮೊದಲನೇ ಗುಂಡು ಕಣಪ್ಪ ಅದು. ಡಬ್ಬಿಗೆ ಬಿತ್ತಾ?"

ಮುಖ್ಯಪೇದೆ ಪೆನ್ನು ಕೆಳಗಿಟ್ಟು ಎದ್ದು ನಿಂತ. ಅಂಗೈಯನ್ನು ತಲೆಯ ಮೇಲೆತ್ತಿ, ನಿಧಾನವಾಗಿ ಅಡ್ಡಡ್ಡ ಆಡಿಸಿದ.

ತಾತ ಸರಳು ಹಿಡಿದು, ಆ ಕೈ ಕೆಳಗಿಳಿಯುವವರೆಗೂ ನೋಡಿದ. ಆಮೇಲೆ ತಲೆಯಾಡಿಸಿ ಗೋಡೆಗೊರಗಿ ಕೂತ.