ಅಟ್ಟದ ಮೇಲಿನ ಸರ್ವರ್

ಒಂದೂರಲ್ಲಿ ಒಂದು ಅಟ್ಟ ಇತ್ತಂತೆ ಎಂದು ಅಜ್ಜಿಯಾದರೆ ಶುರು ಮಾಡುತ್ತಿದ್ದಳು. ನನ್ನದು ಅಂತೆಕಂತೆಯಲ್ಲ. ಆ ಅಟ್ಟ ಈಗಲೂ ತಿಪಟೂರಿನಲ್ಲಿದೆ, ಮರುಳಸಿದ್ದಯ್ಯನವರ ಕೊಬ್ಬರಿ ಮಂಡಿಯ ಮೇಲೆ.

ಅವರ ತಾಯಿ ಗುರುಸಿದ್ದಮ್ಮ ಅಲ್ಲಿ ಕಾಯಿ ಒಣಗಿಸುತ್ತಿದ್ದರು. ಒಂದೊಂದನ್ನೂ ಕಿವಿಯ ಹತ್ತಿರ ಬಳೆ ಸದ್ದಾಗುವಂತೆ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಗಿಟುಕು ಲೊಟಲೊಟ ಎಂದರೆ ಮಾತ್ರ ಒಣಗಿತೆಂದು ಕೆಳಗಿಳಿಸುವರು. ಇಲ್ಲದಿದ್ದರೆ ಮತ್ತೆ ಅಲ್ಲೇ ಇಡುವರು. ಅವರು ತೀರಿಕೊಂಡ ಮೇಲೆ ಮಗ ಹರಾಜಿನ ಲೆಕ್ಕಕ್ಕೆಂದು ಅಲ್ಲಿ ಸರ್ವರ್ ಕೂರಿಸಿದರು. ಅಂದಿನಿಂದ ಅದು ಆಗಾಗ ಆರಿಹೋಗುವುದು, ತಾನೇ ಮತ್ತೆ ಹತ್ತಿಕೊಳ್ಳುವುದು.

"ಮಧ್ಯಾಹ್ನದ ಹರಾಜಿನೊಳಗೆ ಸರಿ ಮಾಡ್ಕೊಡು ಕಣಮ್ಮ. ಇಲ್ದಿದ್ರೆ ರೈತರೆಲ್ಲ ಪಕ್ಕದ ಮಂಡಿಗೆ ಹೊಂಟೋಯ್ತಾರೆ," ಎಂದರು ಯಜಮಾನರು, ಕಂಪ್ಯೂಟರ್ ರಿಪೇರಿಗೆ ಬಂದ ನನಗೆ. ಮಾತು ಕೊಟ್ಟು ಏಣಿ ಹತ್ತಿದೆ.

ಮೆಮೊರಿ ಬದಲಿಸಿದೆ, ಡೇಟಾಬೇಸ್ ರಿಪೇರಿ ಮಾಡಿದೆ. ಆದರೂ ಬಳೆಯ ಸದ್ದಾಗುವುದು, ಪರದೆ ಕಪ್ಪಾಗುವುದು, ಸರ್ವರಿನ ಪೆಟ್ಟಿಗೆ ಒಂದು ಗೇಣು ಸರಿದಿರುವುದು. ಹೆಂಚು ಕಾದು ಸುಡುತ್ತಿದ್ದರೂ ಪೆಟ್ಟಿಗೆಯ ಎರಡೂ ಪಕ್ಕದಲ್ಲಿ ಅಂಗೈಯಗಲ ತಣ್ಣಗಿರುತ್ತಿತ್ತು.

"ಯಜಮಾನ್ರೇ, ಮೇಲೆ ಯಾರಾದ್ರೂ ಬಂದ್ರಾ?"

"ಏಣಿ ಬುಡದಲ್ಲೇ ಕುಂತಿದೀನಿ, ಯಾರ್ ಬತ್ತಾರೆ? ಮಾತು ಬುಡು, ಕೆಲ್ಸ ನೋಡು!"

ಹರಾಜಿನ ಗಂಟೆ ಬಾರಿಸಿತು. ಮತ್ತೆ ಬಳೆ ಸದ್ದಾಯಿತು. ನನಗೆ ಅಳುವೇ ಬಂತು. "ಇನ್ನೂ ಒಣಗಿಲ್ವೇನಜ್ಜಿ?" ಎಂದುಬಿಟ್ಟೆ.

ಪೆಟ್ಟಿಗೆಯೊಳಗೆ ಲೊಟಲೊಟ ಎಂದಿತು. ಹಸಿರು ದೀಪ ಹತ್ತಿಕೊಂಡಿತು. ಹರಾಜು ಮುಗಿಯುವವರೆಗೂ ಆರಲಿಲ್ಲ.

ಆಮೇಲೆ ಬ್ಯಾಗು ತರಲು ಅಟ್ಟ ಹತ್ತಿದರೆ ಸರ್ವರ್ ಅಲ್ಲಿರಲಿಲ್ಲ. ಕೆಳಗೆ, ಒಣಗಿದ ಕೊಬ್ಬರಿ ರಾಶಿಯ ಪಕ್ಕದಲ್ಲಿತ್ತು; ಹಸಿರು ದೀಪ ಉರಿಯುತ್ತಲೇ ಇತ್ತು. ಅದರ ಕರೆಂಟಿನ ವೈರು ಮಾತ್ರ ಅಟ್ಟದ ಗೋಡೆಯಲ್ಲೇ ನೇತಾಡುತ್ತಿತ್ತು.